ಮೊದಲು ಬಂದ ಕಾಲು

ಸಣ್ಣರಂಗಯ್ಯ ಹುಟ್ಟುವಾಗ ತಲೆಯ ಬದಲು ಬಲಗಾಲು ಮೊದಲು ಹೊರಗೆ ಬಂತು. ಸೂಲಗಿತ್ತಿ ಕೈಚೆಲ್ಲಿದಳು, ತಾಯಿ ಕೊಲ್ಲಾಪುರಮ್ಮ ತಾನು ಸತ್ತೇ ಹೋದೆ ಅಂದುಕೊಂಡಳು, ಕೊನೆಗೆ ಹೇಗೋ ಇಬ್ಬರೂ ಬದುಕಿದರು. ಬಡವನಹಳ್ಳಿಯ ಸುತ್ತಮುತ್ತ ಇಂಥ ಮಗುವಿಗೆ ಒಂದು ಬೆಲೆ ಇದೆ. ಕಾಲು ಮುಂದಾಗಿ ಹುಟ್ಟಿದವನು ಸೊಂಟ ತುಳಿದರೆ ಎಂಥ ಉಳುಕೂ ಬಿಡುತ್ತದೆ ಎನ್ನುತ್ತಾರೆ. ಅದೂ ಮೊದಲು ಹೊರಗೆ ಬಂದ ಕಾಲಿನಲ್ಲೇ ತುಳಿಯಬೇಕು. ಅವನು ನಡೆಯಲು ಕಲಿತಾಗಿನಿಂದ ಜನ ಬರುತ್ತಿದ್ದಾರೆ, ಈಗ ಅವನಿಗೆ ಐವತ್ತು ದಾಟಿದೆ. ಭಾನುವಾರ ಬಿಸಿಲೇರುವ ಮುಂಚೆ ಬಂದು ಅವನ ಹೊಸಿಲ ಮುಂದೆ ಬೋರಲು ಮಲಗುತ್ತಾರೆ. ಮೂರು ಸಲ ತುಳಿಸಿಕೊಂಡು, ಎಲೆ ಅಡಿಕೆ ಇಟ್ಟು, ಹಿಂದಕ್ಕೆ ತಿರುಗಿ ನೋಡದೆ ಹೋಗುತ್ತಾರೆ.

ಸಣ್ಣರಂಗಯ್ಯನ ಮನೆ ಇರುವುದು ಊರಾಚೆಯ ದಲಿತರ ಕಾಲೋನಿಯಲ್ಲಿ. ವಾರದ ಮಿಕ್ಕ ದಿನಗಳಲ್ಲಿ ಊರಿನವರು ಕಾಲೋನಿಯ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಭಾನುವಾರ ಬಂತೆಂದರೆ ಅದೇ ಕಾಲೋನಿಯ ಮಣ್ಣಿನಲ್ಲಿ ಮೂಗು ಊರಿ ಮಲಗುತ್ತಾರೆ. ಸೊಂಟ ಹಿಡಿದುಕೊಂಡಾಗ ಮನುಷ್ಯನಿಗೆ ಎಷ್ಟು ಬೇಗ ಬುದ್ಧಿ ಬರುತ್ತದೆ ನೋಡಿ. ಅವರ ಬೆನ್ನ ಮೇಲೆ ಕಾಲಿಡುವಾಗ ಸಣ್ಣರಂಗಯ್ಯನಿಗೆ ಖುಷಿಯಾಗುತ್ತಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ, ಹೆಂಡತಿ ಮಂಜಮ್ಮನಿಗೂ ಹೇಳಿರಲಿಲ್ಲ. ಪಂಚಾಯ್ತಿಯಲ್ಲಿ ಅವನದು ನೀರುಗಂಟಿ ಕೆಲಸ. ವಾರವೆಲ್ಲ ಬೀದಿ ಬೀದಿಯಲ್ಲಿ "ನೀರು ಯಾಕ್ಲಾ ಬುಟ್ಟಿಲ್ಲ" ಎಂದು ಬೈಸಿಕೊಳ್ಳುವವನಿಗೆ ಭಾನುವಾರದ ಆ ಒಂದು ಗಳಿಗೆ ಸಾಕಾಗುತ್ತಿತ್ತು.

ಈಗ ಕಾಯಿಲೆ ಆ ಕಾಲಿಗೇ ಬಂದಿತ್ತು.

ಹೋದ ಯುಗಾದಿಯ ಹೊತ್ತಿಗೆ ವಾಲ್ವ್ ಗುಂಡಿಯೊಳಗೆ ಬಗ್ಗಿ ತುಕ್ಕು ಹಿಡಿದ ಚಕ್ರ ತಿರುಗಿಸುವಾಗ ಸೊಂಟದಲ್ಲಿ ಏನೋ ಚಳಕ್ ಎಂದಿತ್ತು. ಮಾರನೆಯ ದಿನದಿಂದ ಬಲಗುಂಡೆಯಿಂದ ಶುರುವಾಗಿ, ತೊಡೆಯ ಹಿಂಭಾಗ, ಮೀನಖಂಡ ಹಾದು ಹೆಬ್ಬೆರಳಿನ ತನಕ ಒಂದೇ ಎಳೆಯಾಗಿ ಖಾರದ ಪುಡಿ ಮೆತ್ತಿದ ಹಾಗೆ ಉರಿ. ಕೂತರೆ ಉರಿ, ಕೆಮ್ಮಿದರೆ ಉರಿ, ಸೀನು ಬಂದರೆ ಗೋಡೆ ಹಿಡಿದುಕೊಳ್ಳಬೇಕು. ನೆಲದ ಮೇಲೆ ಊಟಕ್ಕೆ ಕೂರುವುದು ಬಿಟ್ಟು ನಿಂತುಕೊಂಡೇ ಮುದ್ದೆ ನುಂಗಿದ. ಮೊಪೆಡ್ಡಿನ ಮೇಲೆ ಎಡಗಡೆಗೇ ಭಾರ ಹಾಕಿ ಕೂತು ಕೂತು ಎಡಸೊಂಟವೂ ಸೋತಿತು. ಆದರೂ ಬಾಯಿ ಬಿಡಲಿಲ್ಲ. ಊರವರ ಸೊಂಟ ಸರಿ ಮಾಡುವವನು ತನ್ನ ಸೊಂಟ ಹಿಡಿದುಕೊಂಡು ತಿರುಗಿದರೆ ನಗುವವರ ಮುಂದೆ ಎಡವಿ ಬಿದ್ದ ಹಾಗೆ.

"ಮದುಗಿರಿ ಆಸ್ಪತ್ರೆಗೆ ಹೋಗಾಣ ನಡಿ," ಎಂದು ಮಂಜಮ್ಮ ಹೇಳಿ ಹೇಳಿ ಸಾಕಾಗಿದ್ದಳು.

"ಅಲ್ಲಿ ಲೈನ್ನಾಗೆ ನಿಂತ್ಕಂಡ್ರೆ ಯಾರೂ ನೋಡಕಿಲ್ವಾ? ಆಮ್ಯಾಕೆ ಭಾನ್ವಾರ ನನ್ನ ಬಾಗ್ಲಿಗೆ ಯಾವನು ಬತ್ತಾನೆ?"

"ಬರ್ದಿದ್ರೆ ಬುಡ್ಲಿ. ನಿಂಗೆ ಕಾಲು ಬೇಕಾ, ಜನ ಬೇಕಾ?"

ಅದಕ್ಕೆ ಅವನಲ್ಲಿ ಉತ್ತರವಿತ್ತು. ಹೆಂಡತಿಯ ಮುಂದೆ ಹೇಳುವಂಥ ಉತ್ತರವಾಗಿರಲಿಲ್ಲ.

ಹೀಗಿರುವಾಗ, ಇದ್ದಕ್ಕಿದ್ದ ಹಾಗೆ ಉರಿ ಇಳಿಯತೊಡಗಿತು. ದೇವರು ಕಣ್ಣು ಬಿಟ್ಟ ಎಂದುಕೊಂಡು ಸಣ್ಣರಂಗಯ್ಯ ಎಷ್ಟೋ ದಿನದ ಮೇಲೆ ನಿದ್ದೆ ಮಾಡಿದ. ಆದರೆ ನಡೆಯುವಾಗ ಪಾದ ನೆಲಕ್ಕೆ ಪಟ್ ಪಟ್ ಎಂದು ಬಡಿಯುತ್ತಿತ್ತು. ಒಂದು ದಿನ ಚಪ್ಪಲಿ ಜಾರಿ ಬಿದ್ದದ್ದು ಗೊತ್ತಾಗದೆ ಟ್ಯಾಂಕಿನ ತನಕ ಒಂಟಿ ಚಪ್ಪಲಿಯಲ್ಲಿ ಹೋಗಿಬಿಟ್ಟ. ಇನ್ನೊಂದು ದಿನ ಬಚ್ಚಲಲ್ಲಿ ಮಂಜಮ್ಮ ತಣ್ಣೀರು ಬೆರೆಸದೆ ಸುಡುವ ನೀರು ಹುಯ್ದಾಗ ಎಡಗಾಲು ಎಗರಿತು, ಬಲಗಾಲು ಹಾಗೇ ಇತ್ತು. ಅವಳು ಚೊಂಬು ಕೆಳಗಿಟ್ಟು ಗಂಡನ ಮುಖ ನೋಡಿದಳು.

"ನೋವು ಹೋಗಿಲ್ಲ," ಅಂದಳು. "ಕಾಲೇ ಹೋಗೈತೆ ನಿಂದು."

ಆ ವಾರವೇ ತಿಪ್ಪೇಶ್ ಬಂದಿದ್ದ. ಶಿರಾದ ಕಡಲೆಕಾಯಿ ಮಂಡಿಯಲ್ಲಿ ಮೂಟೆ ಹೊರುವ ಗಟ್ಟಿ ಆಳು. ಸಣ್ಣರಂಗಯ್ಯ ಎಂದಿನ ಹಾಗೆ ಹಗುರವಾಗಿ ಕಾಲಿಟ್ಟೆ ಅಂದುಕೊಂಡ. ಕೆಳಗಿದ್ದ ತಿಪ್ಪೇಶನಿಗೆ ಉಸಿರು ಕಟ್ಟಿ ಕಣ್ಣು ಮೇಲಾಯಿತು. ಸುಮಾರು ಹೊತ್ತು ಹಾಗೇ ಬಿದ್ದುಕೊಂಡಿದ್ದು, ಪಕ್ಕೆ ಹಿಡಿದುಕೊಂಡು ಎದ್ದ. "ಇವತ್ತು ಶಾನೆ ಜೋರಾಗಿ ಬಿತ್ತು ಕಣಣ್ಣ, ಒಳ್ಳೇದೇ ಆಯ್ತು ಬುಡು," ಎಂದು ಹೊಗಳಿಯೇ ಹೋದ. ಮೈಭಾರವೆಲ್ಲ ಅವನ ಮೇಲೆ ಬಿದ್ದಿತ್ತೆಂದು ಸಣ್ಣರಂಗಯ್ಯನಿಗೆ ಆಗಲೇ ತಿಳಿದದ್ದು. ಅವತ್ತು ಅವನಿಗೆ ಊಟ ಸೇರಲಿಲ್ಲ. ಮುಂದಿನ ಭಾನುವಾರದಿಂದ ಏನಾದರೂ ನೆವ ಹೇಳಿ ನಿಲ್ಲಿಸಿಬಿಡಬೇಕೆಂದು ಗಟ್ಟಿ ಮನಸ್ಸು ಮಾಡಿದ.

ಆ ಗಟ್ಟಿ ಮನಸ್ಸು ಶನಿವಾರದ ತನಕ ಇತ್ತು. ಶನಿವಾರ ಮಲ್ಲಿಕಾರ್ಜುನಯ್ಯನ ಮಗಳು ಭುವನಾ ಫೋನು ಮಾಡಿ, ಅಪ್ಪಾಜಿಯನ್ನು ನಾಳೆ ಕರೆದುಕೊಂಡು ಬರುತ್ತೇನೆ ಎಂದಳು.

ಮಲ್ಲಿಕಾರ್ಜುನಯ್ಯ ಊರಿನ ದೊಡ್ಡಮನೆಯವರು, ನಿವೃತ್ತ ಹೆಡ್ಮೇಷ್ಟ್ರು. ಇಷ್ಟು ವರ್ಷದಲ್ಲಿ ಸುತ್ತಿನ ಹಳ್ಳಿಗಳವರೆಲ್ಲ ಬಂದು ಮಲಗಿದರೂ ಆ ಮನೆಯವರು ಬಂದಿರಲಿಲ್ಲ. ಅವರ ತಂದೆಯ ಕಾಲದಲ್ಲಿ ಆ ಮನೆಯ ಮುಂದೆ ಕಾಲೋನಿಯವರು ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕಾಗಿತ್ತು. ಒಂದು ಸಂಜೆ ಸಣ್ಣರಂಗಯ್ಯನ ಅಪ್ಪ ಮರೆತು ಮೆಟ್ಟಿಕೊಂಡೇ ಹೋದ. ಯಜಮಾನರು ಕರೆದು, ಆ ಚಪ್ಪಲಿಯನ್ನು ತಲೆಯ ಮೇಲಿಟ್ಟು ಬೀದಿಯ ಕೊನೆಯ ತನಕ ನಡೆಸಿದರು. ಅಪ್ಪನ ಕೈ ಹಿಡಿದುಕೊಂಡಿದ್ದ ಹುಡುಗ ಸಣ್ಣರಂಗಯ್ಯ. ಆಗ ಹರೆಯದವರಾಗಿದ್ದ ಮಲ್ಲಿಕಾರ್ಜುನಯ್ಯ ಜಗಲಿಯ ಮೇಲೆ ಪೇಪರ್ ಓದುತ್ತ ಕೂತಿದ್ದರು, ಪೇಪರನ್ನು ಮುಖದಿಂದ ಕೆಳಗಿಳಿಸಲಿಲ್ಲ.

ಆ ಬೆನ್ನು ಸಣ್ಣರಂಗಯ್ಯನಿಗೆ ಬೇಕಾಗಿತ್ತು. ಯಾವತ್ತಿನಿಂದಲೋ ಬೇಕಾಗಿತ್ತು.

"ಬ್ಯಾಡ ಅನ್ನು," ಎಂದಳು ಮಂಜಮ್ಮ. "ಆ ಯಪ್ಪಂಗೆ ಎಪ್ಪತ್ತರ ಮ್ಯಾಗಾಗೈತೆ. ಬೆನ್ನು ಲಟಕ್ಕಂದ್ರೆ ಬೇಕೂಂತ ಮುರ್ದ ಅಂತಾರೆ. ಕಾಲೋನೀನ ಉಳಿಸ್ತಾರಾ?"

"ಹಗೂರಕ್ಕೆ ಇಡ್ತೀನಿ ಬುಡು."

"ಹಗೂರವೋ ಭಾರವೋ, ನಿಂಗೆ ಹೆಂಗೆ ಗೊತ್ತಾಯ್ತದೆ?"

ಅವನು ಎದ್ದು ಹೊರಗೆ ಹೋದ. ಪಟ್ ಪಟ್ ಎಂದು ಪಾದ ಬಡಿಯುವ ಸದ್ದು ಬೀದಿಯ ಉದ್ದಕ್ಕೂ ಅವಳಿಗೆ ಕೇಳಿಸಿತು.

ಭಾನುವಾರ ಬೆಳಗ್ಗೆ ಕಾರು ಕಾಲೋನಿಯ ಮೂಲೆಯಲ್ಲಿ ನಿಂತಿತು. ಮಲ್ಲಿಕಾರ್ಜುನಯ್ಯ ಮಗಳ ತೋಳು ಹಿಡಿದು ಕುಡುಗೋಲಿನ ಹಾಗೆ ಬಗ್ಗಿಕೊಂಡು ಬಂದರು. ಕಾಯುತ್ತಿದ್ದವರು ಸರಿದು ದಾರಿ ಬಿಟ್ಟರು. ಕಾಲೋನಿಯ ಗಂಡಸರು, ಹೆಂಗಸರು ಎಲ್ಲ ಬಾಗಿಲಿಗೆ ಬಂದು ನಿಂತರು. ಇಂಥದ್ದನ್ನು ನೋಡದೆ ಬಿಡುವವರು ಯಾರು?

"ಮಧುಗಿರಿಗೆ ಭಾನುವಾರ ಭಾನುವಾರ ತುಮಕೂರಿಂದ ಮೂಳೆ ಡಾಕ್ಟ್ರು ಬರ್ತಾರೆ. ಅಲ್ಲಿಗೇ ಅಂತ ಹೊರಟಿದ್ವಿ," ಎಂದಳು ಭುವನಾ. "ಮೊದಲು ಇಲ್ಲಿ ತುಳಿಸ್ಕೊಳ್ಳೋದು ಅಂತ ಇವರದು ಹಟ."

ಮಲ್ಲಿಕಾರ್ಜುನಯ್ಯ ಸಣ್ಣರಂಗಯ್ಯನ ಮುಖ ನೋಡಲಿಲ್ಲ. "ಚೆನ್ನಾಗಿದ್ದೀಯೇನಪ್ಪ," ಎಂದು ನೆಲಕ್ಕೆ ಹೇಳಿದರು. ಮಗಳು ಹಾಸಿದ ಟವೆಲ್ಲಿನ ಮೇಲೆ ನರಳುತ್ತ ಮೊಣಕಾಲೂರಿ, ಕೊರಳಲ್ಲಿದ್ದ ಲಿಂಗದ ಕರಡಿಗೆ ಎದೆಯಡಿಗೆ ಸಿಗದ ಹಾಗೆ ಮುಂದಕ್ಕೆ ತಂದು ಕೈಯಲ್ಲಿ ಹಿಡಿದುಕೊಂಡು ಬೋರಲು ಮಲಗಿದರು.

ಸಣ್ಣರಂಗಯ್ಯ ಒಂದು ಕೈಯಲ್ಲಿ ಬಾಗಿಲ ದಾರಂದ ಹಿಡಿದ. ಪಾದ ತಾನಾಗಿ ಏಳುತ್ತಿರಲಿಲ್ಲವಾದ್ದರಿಂದ ತೊಡೆಯಿಂದಲೇ ಕಾಲೆತ್ತಿ, ಆ ಬಿಳಿ ಅಂಗಿಯ ಮೇಲೆ, ಸೊಂಟದ ಹತ್ತಿರ ಇಟ್ಟ. ಇಟ್ಟದ್ದು ಕಣ್ಣಿಗೆ ಕಂಡಿತು. ಕಾಲಿಗೆ ಏನೂ ತಿಳಿಯಲಿಲ್ಲ. ಬಟ್ಟೆಯಿಲ್ಲ, ಮೂಳೆಯಿಲ್ಲ, ಮೈಯ ಕಾವಿಲ್ಲ. ಇಷ್ಟು ವರ್ಷ ಕಾದು ಕಾಲಿಟ್ಟದ್ದು ಗಾಳಿಯ ಮೇಲೋ ಏನೋ ಅನ್ನುವ ಹಾಗಿತ್ತು. ಅವನಿಗೆ ಸಿಟ್ಟು ಬಂತು, ಅಳುವೂ ಬಂತು. ಒಂದು ಸಲ ಭಾರ ಬಿಟ್ಟು ನೋಡಿದರೆ? ಒಂದೇ ಸಲ ಗಟ್ಟಿಯಾಗಿ ಒತ್ತಿದರೆ ಏನಾದರೂ ತಿಳಿದೀತು. ಒಳಗೆ ಮಂಜಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

"ಯಾಕಪ್ಪ, ತುಳಿ," ಎಂದರು ಕೆಳಗಿನಿಂದ ಮಲ್ಲಿಕಾರ್ಜುನಯ್ಯ.

ತೆಳುವಾದ ಅಂಗಿಯೊಳಗೆ ಅವರ ಪಕ್ಕೆಲುಬುಗಳು ಉಸಿರಿಗೆ ಏರಿ ಇಳಿಯುತ್ತಿದ್ದವು. ಮುದುಕನ ಉಸಿರು. ಸಣ್ಣರಂಗಯ್ಯ ಎರಡೂ ಕೈ ಹಾಕಿ ತನ್ನ ಕಾಲನ್ನು ಎತ್ತಿ ಪಕ್ಕಕ್ಕಿಟ್ಟ.

"ಆಗಕಿಲ್ಲ ಅಯ್ನೋರೇ."

"ಯಾಕೆ?"

"ಕಾಲು ಸತ್ತೋಗೈತೆ. ನಿಮ್ಮ ಮ್ಯಾಗೆ ಇಟ್ಟಿದ್ದೇ ನಂಗೆ ಗೊತ್ತಾಗ್ನಿಲ್ಲ."

ಕಾಯುತ್ತಿದ್ದವರಲ್ಲಿ ಗುಜುಗುಜು ಎದ್ದಿತು. ಎಷ್ಟು ದಿನದಿಂದಲೋ ಮುಚ್ಚಿಟ್ಟದ್ದನ್ನು ಹತ್ತು ಮಂದಿಯ ಮುಂದೆ ಹೇಳಿಬಿಟ್ಟಿದ್ದ. ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಮಲ್ಲಿಕಾರ್ಜುನಯ್ಯ ಮೊಣಕೈಯೂರಿ ತಲೆಯೆತ್ತಿದರು. ಗಲ್ಲಕ್ಕೆ ಮಣ್ಣು ಮೆತ್ತಿತ್ತು, ಮುಖ ಕೆಂಪಾಗಿತ್ತು.

"ಊರಿಗೆಲ್ಲ ತುಳಿಯೋ ಕಾಲು ನಾನು ಮಲಗಿದಾಗಲೇ ಸತ್ತೋಯ್ತಾ? ಕಾಲೋನಿ ಜನರ ಮುಂದೆ ನನ್ನನ್ನ ಮಲಗಿಸಿ, ಹಂಗೇ ಎಬ್ಬಿಸಿ ಕಳಿಸೋಣ ಅಂತ ಕಾಯ್ಕೊಂಡಿದ್ದೆಯಾ? ನಮ್ಮಪ್ಪ ಮಾಡಿದ್ದನ್ನ ನನ್ನ ಹತ್ರ ತೀರಿಸ್ಕೊಳ್ತಿದ್ದೀಯ."

ಹಾಗಾದರೆ ಇವರೂ ಮರೆತಿಲ್ಲ. ಇಷ್ಟು ವರ್ಷ ಆ ಸಂಜೆ ತನ್ನೊಬ್ಬನಿಗೇ ನೆನಪಿದೆ ಎಂದೇ ಸಣ್ಣರಂಗಯ್ಯ ತಿಳಿದಿದ್ದ. ಕಾರಿನ ಡ್ರೈವರ್ ನಾಲ್ಕು ಹೆಜ್ಜೆ ಮುಂದೆ ಬಂದ. ಅವನನ್ನು ನೋಡಿ ಕಾಲೋನಿಯ ಗಂಡಸರೂ ಬಾಗಿಲು ಬಿಟ್ಟು ಕೆಳಗಿಳಿದರು. ಭುವನಾ, "ಅಪ್ಪಾಜಿ, ಏಳಿ ಹೋಗೋಣ," ಅನ್ನುತ್ತಿದ್ದಳು. ಇನ್ನೊಂದು ಮಾತು ಹೆಚ್ಚುಕಮ್ಮಿಯಾಗಿದ್ದರೆ ಅವತ್ತು ಏನು ಬೇಕಾದರೂ ಆಗುತ್ತಿತ್ತು.

ಸಣ್ಣರಂಗಯ್ಯ ಹೊಸಿಲ ಮೇಲೆ ಕುಸಿದು ಕೂತ. ಬಲಗಾಲನ್ನು ಅವರ ಮುಂದಕ್ಕೆ ಚಾಚಿದ.

"ತೀರಿಸ್ಕಬೇಕು ಅಂದಿದ್ರೆ ತುಳೀತಿದ್ದೆ ಅಯ್ನೋರೇ," ಎಂದ. "ನಂಬ್ಕೆ ಇಲ್ದಿದ್ರೆ ಚುಚ್ಚಿ ನೋಡಿ."

ಭುವನಾ ಬಗ್ಗಲು ಹೋದಾಗ ಮಲ್ಲಿಕಾರ್ಜುನಯ್ಯ ಅವಳನ್ನು ತಡೆದರು. ಏಳಲಾಗದೆ ಮಣ್ಣಿನಲ್ಲೇ ತೆವಳಿ ಕೂತು, ಆ ಕಾಲನ್ನು ಹಿಮ್ಮಡಿ ಹಿಡಿದೆತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡರು. ಹೆಬ್ಬೆರಳಿಗೆ ಉಗುರು ಒತ್ತಿದರು.

"ಇಲ್ಲಿ?"

"ಇಲ್ಲ."

ಪಾದದ ಮೇಲೆ ಚಿವುಟಿದರು. ಸಿಟ್ಟಿಗೋ ಅನುಮಾನಕ್ಕೋ ಗಟ್ಟಿಯಾಗಿಯೇ ಚಿವುಟಿದರು, ಚರ್ಮ ಕಿತ್ತು ರಕ್ತ ಜಿನುಗಿತು. ಸಣ್ಣರಂಗಯ್ಯ ಆ ರಕ್ತವನ್ನು ಬೇರೆ ಯಾರದ್ದೋ ಕಾಲು ನೋಡುವ ಹಾಗೆ ನೋಡಿದ.

"ಇಲ್ಲಿ?"

"ಇಲ್ಲ ಅಯ್ನೋರೇ."

ಕೈ ಮೇಲೆ ಮೇಲೆ ಹತ್ತಿತು. ಮೊಣಕಾಲಿನ ಹತ್ತಿರ ಬಂದಾಗ, "ಆಂ, ಅಲ್ಲಿ ವಸಿ," ಎಂದ. ಮಲ್ಲಿಕಾರ್ಜುನಯ್ಯನ ಮುಖದ ಬಣ್ಣ ಇಳಿಯಿತು. ತಾವು ಮಾಡಿದ ಗಾಯವನ್ನು ಟವೆಲ್ಲಿನ ತುದಿಯಿಂದ ಒರೆಸಿದರು. ದೊಡ್ಡಮನೆಯ ಯಜಮಾನರ ತೊಡೆಯ ಮೇಲೆ ಸಣ್ಣರಂಗಯ್ಯನ ಪಾದ. ಕಾಲೋನಿಗೆ ಕಾಲೋನಿಯೇ ನೋಡುತ್ತಿತ್ತು.

"ಎಂಥ ಹೆಡ್ಡನಯ್ಯ ನೀನು," ಎಂದರು ಅವರು. ಆಮೇಲೆ ಮಗಳಿಗೆ, "ಇವನನ್ನೂ ಕಾರಿಗೆ ಹತ್ತಿಸು."

ಮಧುಗಿರಿಯ ಡಾಕ್ಟರು ಮಲ್ಲಿಕಾರ್ಜುನಯ್ಯನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಬೆನ್ನೆಲುಬು ಸವೆದು, ಒಂದು ಮೂಳೆ ಆಗಲೇ ಬಿರುಕು ಬಿಟ್ಟಿತ್ತು. ಇದರ ಮೇಲೆ ಯಾರಾದರೂ ಭಾರ ಹಾಕಿದ್ದರೆ ನೀವು ಎದ್ದು ಬರುತ್ತಿರಲಿಲ್ಲ ಎಂದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಸಣ್ಣರಂಗಯ್ಯನಿಗೆ ಬೆನ್ನೆಲುಬಿನ ನಡುವಿನ ಮೆತ್ತೆ ಜರುಗಿ ಕಾಲಿನ ನರವನ್ನು ಅದುಮಿತ್ತು. ಉರಿ ಇಳಿದದ್ದು ಗುಣವಲ್ಲ, ನರ ಸೋತದ್ದು, ಇನ್ನು ತಡ ಮಾಡಿದರೆ ಕಾಲು ಹೋದ ಹಾಗೆಯೇ ಎಂದರು. ಸ್ಕ್ಯಾನು, ಆಪರೇಷನ್ನು ಎಲ್ಲ ಆ ವಾರವೇ ತುಮಕೂರಿನಲ್ಲಿ ಆಯಿತು.

ಆಪರೇಷನ್ ಆದ ಮೇಲೆ ತೊಡೆಯ ಸೆಳೆತ ಹೋಯಿತು. ಸೀನಿದರೂ ಗೋಡೆ ಹಿಡಿಯಬೇಕಾಗಿರಲಿಲ್ಲ. ಮಂಜಮ್ಮ ಎದುರಿಗೆ ಕುರ್ಚಿ ಹಾಕಿ ಕೂರಿಸಿ ಮುದ್ದೆ ಇಟ್ಟಾಗ, ಕೂತು ಉಣ್ಣುವುದು ಇಷ್ಟು ದೊಡ್ಡ ಸುಖವೆಂದು ಗೊತ್ತಿರಲಿಲ್ಲ ಎಂದ. ಪಾದಕ್ಕೆ ಮಾತ್ರ ಜೀವ ನಿಧಾನಕ್ಕೆ ಬರುತ್ತದೆ, ಬಂದರೂ ಬಂದೀತು ಎಂದಿದ್ದರು ಡಾಕ್ಟರು.

ಭಾನುವಾರಗಳು ಬಂದವು, ಜನ ಬರಲಿಲ್ಲ. ಅವನ ಕಾಲಿನಲ್ಲಿದ್ದ ದೇವರು ಎದ್ದು ಹೋಯ್ತಂತೆ ಎಂದು ಬಡವನಹಳ್ಳಿಯ ಟೀ ಅಂಗಡಿಯಲ್ಲಿ ಯಾರೋ ಅಂದದ್ದು ಅವನ ಕಿವಿಗೂ ಬಿತ್ತು. ಬೆಳಗ್ಗೆ ಎದ್ದು ಬರಿದಾದ ಹೊಸಿಲ ಮೇಲೆ ಹೋಗಿ ಕೂತುಕೊಳ್ಳುತ್ತಿದ್ದ. ನೋವು ಹೋದದ್ದಕ್ಕೆ ಸಂತೋಷ ಪಡಬೇಕೆಂದು ಗೊತ್ತಿತ್ತು, ಪಡಲು ಆಗುತ್ತಿರಲಿಲ್ಲ.

ಹಾಗೆ ಕೂತಿದ್ದ ಒಂದು ಭಾನುವಾರ ಮಲ್ಲಿಕಾರ್ಜುನಯ್ಯ ಬಂದರು. ಸೊಂಟಕ್ಕೆ ದಪ್ಪ ಬೆಲ್ಟು ಬಿಗಿದುಕೊಂಡು, ಊರುಗೋಲು ಹಿಡಿದು, ತಾವೊಬ್ಬರೇ ನಡೆದು ಬಂದಿದ್ದರು. ಮಂಜಮ್ಮ ಕುರ್ಚಿ ತರಲು ಓಡಿದಳು. ಅವರು ಕಾಯದೆ ಹೊಸಿಲ ಮೇಲೆ ಸಣ್ಣರಂಗಯ್ಯನ ಪಕ್ಕದಲ್ಲೇ ಕೂತರು.

"ಕೊಡಿಲ್ಲಿ ಕಾಲು," ಎಂದರು.

"ಬ್ಯಾಡಿ ಅಯ್ನೋರೇ, ಜನ ನೋಡ್ತಾರೆ."

"ನೋಡ್ಲಿ."

ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು ಹೆಬ್ಬೆರಳಿಗೆ ಉಗುರು ಒತ್ತಿದರು. ಸಣ್ಣರಂಗಯ್ಯ ಸುಮ್ಮನಿದ್ದ. ಅವರು ಇನ್ನೂ ಸ್ವಲ್ಪ ಒತ್ತಿದರು.

"ನೋಯ್ತದೆ, ಬುಡ್ರಿ," ಎಂದ ಸಣ್ಣರಂಗಯ್ಯ. ಹೇಳಿದ ಮೇಲೆ ತಾನು ಏನು ಹೇಳಿದೆ ಎಂದು ಅರ್ಥವಾಗಿ ಅವನ ಕಣ್ಣು ತುಂಬಿತು.

ಮಲ್ಲಿಕಾರ್ಜುನಯ್ಯ ಉಗುರು ತೆಗೆದರು, ಕಾಲು ಬಿಡಲಿಲ್ಲ. ಅಂಗೈಯನ್ನು ಪಾದದ ಮೇಲೆ ಹಾಗೇ ಇಟ್ಟುಕೊಂಡು ಬೀದಿಯ ಕಡೆ ನೋಡುತ್ತ ಕೂತರು. ಆ ಕೈ ಒರಟಾಗಿತ್ತು, ಬೆಚ್ಚಗಿತ್ತು, ಸಣ್ಣಗೆ ನಡುಗುತ್ತಿತ್ತು. ಅಷ್ಟೂ ಸಣ್ಣರಂಗಯ್ಯನ ಕಾಲಿಗೆ ಗೊತ್ತಾಯಿತು.