ಗುಂಡುಕಲ್ಲಿನ ಕಿವಿಗೆ ಬಿದ್ದ ಹೆಸರು

ಗೌರಕ್ಕ ಈ ಸಲ ಬಸ್ಸನ್ನು ನಂಬಲಿಲ್ಲ. ತಮ್ಮ ರಂಗರಾಜುವಿನ ಮಗಳಿಗೆ ಶುಕ್ರವಾರ ನಾಮಕರಣ ಅಂದರೆ, ಗುರುವಾರವೇ ರಾಯಚರ್ಲಿನಿಂದ ಹೊರಟು ಸಂಜೆಗೆಲ್ಲ ಬಡವನಹಳ್ಳಿಯ ತವರುಮನೆ ಜಗಲಿ ಮೇಲೆ ಚೀಲ ಇಳಿಸಿದ್ದಳು.

“ಮುಹೂರ್ತ ನಾಳೆ ಕಣಕ್ಕ,” ಎಂದು ತಂಗಿ ಮಂಗಳಗೌರಿ ನಕ್ಕಳು.

“ಗೊತ್ತು ಬುಡೇ. ಹೋದ್ಸಲ ಗೊತ್ತಿದ್ದೂ ಏನಾಯ್ತು?”

ಹೋದ ಸಲ ಎಂದರೆ ರಂಗರಾಜುವಿನ ಮೊದಲ ಮಗನ ನಾಮಕರಣ. ಬಸ್ಸು ದಾರಿಯಲ್ಲೇ ಕೆಟ್ಟು ನಿಂತಿತ್ತು. ಗೌರಕ್ಕ ಬಂದು ಸೇರುವಷ್ಟರಲ್ಲಿ ಮಂಗಳಗೌರಿ ಕೂಸಿನ ಕಿವಿಯಲ್ಲಿ ಹೆಸರು ಹೇಳಿ ಮುಗಿಸಿ, ಎಲೆ ಮುಂದೆ ಕೂತು ಪಾಯಸ ಸವಿಯುತ್ತಿದ್ದಳು. ಹೆಸರು ಹೇಳುವುದು ಸೋದರತ್ತೆಯ ಹಕ್ಕು, ಇಬ್ಬರಿದ್ದರೆ ದೊಡ್ಡವಳದು. ಈಗ ಎರಡನೆಯದು ಹೆಣ್ಣು. ತಮ್ಮನ ಹೆಂಡತಿ ರಾಧಾಮಣಿಗೆ ಆಪರೇಷನ್ನೂ ಆಗಿತ್ತು. ಗೌರಕ್ಕನ ಪಾಲಿಗೆ ಆ ಮನೆಯಲ್ಲಿ ಉಳಿದದ್ದು ಇದೊಂದೇ ಜೊತೆ ಕಿವಿ.

ಅಯ್ನೋರು ನಂದೀಶ್ವರಯ್ಯ ಪಂಚಾಂಗ ನೋಡಿ, ಪುಷ್ಯ ನಕ್ಷತ್ರ, ‘ಹೇ’ ಅಕ್ಷರ ಬರುತ್ತದೆ, ಹತ್ತೂವರೆಗೆ ರಾಹುಕಾಲ ಹುಟ್ಟುವುದರೊಳಗೆ ಹೆಸರು ಹೇಳಿಬಿಡಿ ಎಂದಿದ್ದರು. ‘ಹೇ’ ಎಂದು ಕೇಳಿದ ಕೂಡಲೇ ಗೌರಕ್ಕನಿಗೆ ಒಂದು ಹೆಸರು ಹೊಳೆದಿತ್ತು. ತನಗೊಂದು ಹೆಣ್ಣಾದರೆ ಇಡಬೇಕೆಂದು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಹೆಸರು. ಹುಟ್ಟಿದ್ದೆಲ್ಲ ಗಂಡೇ ಆಗಿ ಅದು ಹಾಗೇ ಉಳಿದಿತ್ತು. ಆದರೆ ಹಳೇ ಕಾಲದ್ದು, ಈಗಿನವರು ನಗುತ್ತಾರೆ ಎಂದು ಹೆದರಿ, ಮಗನ ಕೈಲಿ ಮೊಬೈಲಿನಲ್ಲಿ ಹೊಸದೊಂದನ್ನು ಹುಡುಕಿಸಿ, ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿಕೊಂಡು ಬಂದಿದ್ದಳು.

ಬೆಳಿಗ್ಗೆ ರುಬ್ಬುವ ಗುಂಡುಕಲ್ಲನ್ನು ತೊಳೆದು ಅರಿಶಿನ ಕುಂಕುಮ ಹಚ್ಚಿದರು. ಕೂಸಿಗೆ ಸುತ್ತಿದಂತೆಯೇ ಬಟ್ಟೆ ಸುತ್ತಿ, ಕುಲಾವಿ ತೊಡಿಸಿ, ತೊಟ್ಟಿಲ ಕೆಳಗಿಂದ ಮೇಲಿಂದ ದಾಟಿಸಿ ಮೊದಲು ಅದನ್ನು ಮಲಗಿಸಿದರು. ಕೂಸು ಕಲ್ಲಿನ ಹಾಗೆ ಗಟ್ಟಿಯಾಗಿ ಬಾಳಲಿ ಅಂತ. ಆಮೇಲೆ ಪಕ್ಕದಲ್ಲಿ ಕೂಸು. ಕುರಿ ಸಾಕಿದ ಮನೆ, ತೊಟ್ಟಿಲ ಮೇಲೆ ಕರಿ ಕಂಬಳಿ ಹೊದಿಸುವುದು ಅವರ ಪದ್ಧತಿ. ಸೋದರತ್ತೆ ಕಂಬಳಿಯೊಳಗೆ ತಲೆ ತೂರಿಸಿ, ಯಾರಿಗೂ ಕೇಳದಂತೆ ಕಿವಿಯಲ್ಲಿ ಹೆಸರು ಹೇಳಬೇಕು. ಆಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು.

ಗೌರಕ್ಕ ಮನೆದೇವರಿಗೆ ಕೈಮುಗಿಯಲು ಒಳಗೆ ಹೋಗಿದ್ದಳು. “ಗೌರೀ, ಟೈಮಾಯ್ತು, ಬಾರೇ!” ಎಂದು ಅವ್ವ ನರಸಮ್ಮ ಕೂಗಿದ್ದೇ ತಡ, ಓಡಿ ಬಂದು ಕಂಬಳಿಯೊಳಗೆ ಬಗ್ಗಿದಳು. ಕತ್ತಲಲ್ಲಿ ಕೈಗೆ ಕುಲಾವಿ ಸಿಕ್ಕಿತು. ಕೂಸು ತಣ್ಣಗಿದೆಯಲ್ಲ ಎಂದುಕೊಳ್ಳುವಷ್ಟರಲ್ಲಿ ಬೆನ್ನ ಮೇಲೆ ದಬದಬ ಗುದ್ದು ಬಿದ್ದವು. ಮೂರು ಸಲ ಹೆಸರು ಹೇಳಿ, ಬೆವರುತ್ತ, ನಗುತ್ತ ಹೊರಗೆ ಬಂದಳು.

ಎದುರಿಗೆ, ಕೋಣೆಯ ಬಾಗಿಲಲ್ಲಿ, ರಾಧಾಮಣಿ ಕೂಸನ್ನು ಎತ್ತಿಕೊಂಡು ನಿಂತಿದ್ದಳು.

“ಅತ್ಲು ಅಂತ ಎತ್ಕಂಡೋಗಿ ಹಾಲು ಕುಡಿಸ್ತಿದ್ದೆ ಕಣಕ್ಕ. ಆಗ್ಲೇ ಕರುದ್ರಾ?”

ಮಂಗಳಗೌರಿ ಕಂಬಳಿ ಎತ್ತಿದಳು. ಗುಂಡುಕಲ್ಲು ಕುಲಾವಿ ತೊಟ್ಟು ನೆಮ್ಮದಿಯಾಗಿ ಮಲಗಿತ್ತು.

ಮನೆಗೆ ಮನೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಗೌರಕ್ಕ ಮಾತ್ರ ಗೋಡೆ ಗಡಿಯಾರ ನೋಡಿದಳು. ಹತ್ತೂವರೆ ದಾಟಿತ್ತು.

“ರಾಹುಕಾಲ ಬಂದ್ಬುಡ್ತು,” ಎಂದ ರಂಗರಾಜು.

“ಮಂಗ್ಳಿ ಕೈಲೇ ಹೇಳಿಸ್ರಮ್ಮ, ಗೌರಿಗೆ ಕೂಡಿ ಬರ್ನಿಲ್ಲ,” ಎಂದಳು ಪಕ್ಕದ ಮನೆ ಮುನಿಯಮ್ಮ.

“ಅಲ್ದೆ, ಕಲ್ಲಿಗೆ ಕೊಟ್ಟಿದ್ದು ಕಲ್ಲಿಗಾಯ್ತು. ಅದೇ ಹೆಸರು ಕೂಸಿಗೆ ಬ್ಯಾಡ,” ಎಂದು ನರಸಮ್ಮ ಸೇರಿಸಿದಳು.

ಗೌರಕ್ಕನ ಕಣ್ಣು ತುಂಬಿ ಬಂತು. ಹಿಂದಿನ ದಿನವೇ ಬಂದೂ ಹೀಗಾಯಿತಲ್ಲ!

ನಂದೀಶ್ವರಯ್ಯ ಪಂಚಾಂಗದಿಂದ ತಲೆಯೆತ್ತಿದರು. “ರಾಹುಕಾಲ ಕಳುದ್ಮೇಲೆ, ಸೂರ್ಯ ನೆತ್ತಿ ಮೇಲೆ ಬಂದಾಗ, ಅಭಿಜಿನ್ ಮುಹೂರ್ತ ಐತಲ್ಲಮ್ಮ. ನಾನು ಕಾಯ್ತೀನಿ. ಯಾರು ಹೇಳ್ಬೇಕು ಅನ್ನೋದು ಪಂಚಾಂಗದಲ್ಲಿಲ್ಲ, ಹೆತ್ತೋಳ್ನ ಕೇಳಿ.”

ಎಲ್ಲರೂ ರಾಧಾಮಣಿಯತ್ತ ತಿರುಗಿದರು. ಅವಳು ಬಂದು ಗೌರಕ್ಕನ ಮಡಿಲಲ್ಲಿ ಕೂಸನ್ನಿಟ್ಟಳು. “ಅಲ್ಲೀಗಂಟ ನೀವೇ ಇಟ್ಕಳಿ ಅಕ್ಕ. ಆಗ ಅದಲುಬದಲಾಗಲ್ಲ.”

ಗೌರಕ್ಕ ಅಲುಗಾಡದೆ ಕೂತಳು. ಹೆಂಗಸರು ಸೋಬಾನೆ ಹಾಡಿದರು. ಕೂಸು ಬಿಕ್ಕಳಿಸಿತು, ಹೊಸ ಸೀರೆಯ ಮೇಲೆ ಉಚ್ಚೆ ಹೊಯ್ದು ನಿದ್ದೆ ಹೋಯಿತು. ಮೊಬೈಲಿನ ಹೆಸರು ಕಲ್ಲಿನ ಪಾಲಾಗಿತ್ತು. ಮಗನಿಗೆ ಫೋನು ಮಾಡಿ ಇನ್ನೊಂದು ಕೇಳಬಹುದಿತ್ತು. ಕೂಸಿನ ಮುಖ ನೋಡುತ್ತ ನೋಡುತ್ತ ಕೇಳಬೇಕೆನ್ನಿಸಲಿಲ್ಲ.

“ರಾಧಾ, ಹಳೇ ಹೆಸರಾದ್ರೆ ನಗ್ತೀರೇನೇ?”

“ಕಿವೀಗೆ ಮೊದ್ಲು ಹೇಳಿ. ಆಮೇಲೆ ನಾನು ಕೇಳಿಸ್ಕಂತೀನಿ.”

ರಾಹುಕಾಲ ಕಳೆಯಿತು. ಅಯ್ನೋರು ತಲೆಯಾಡಿಸಿದರು. ಮಂಗಳಗೌರಿ ಗುಂಡುಕಲ್ಲನ್ನು ಕಾಲಿನ ಕಡೆಗೆ ಸರಿಸಿ, ಕೂಸನ್ನು ಮಲಗಿಸಿ, ತಾನೇ ಕಂಬಳಿ ಹೊದಿಸಿದಳು. ಗೌರಕ್ಕ ಬಗ್ಗಿದಳು. ಈ ಸಲ ಕೆನ್ನೆಗೆ ಬೆಚ್ಚನೆಯ ಉಸಿರು ತಾಗಿತು. ಇಷ್ಟು ವರ್ಷ ತನ್ನೊಳಗೇ ಇದ್ದ ಹೆಸರನ್ನು ಮೆಲ್ಲಗೆ ಆ ಕಿವಿಗೆ ಹೇಳಿದಳು.

“ಹೇಳಕ್ಕ, ಏನಂತ ಕರೆಯನಾ? ಕಲ್ಲಿನ ಹೆಸರೂ ಹೇಳ್ಬೇಕು!” ಎಂದು ಮಂಗಳಗೌರಿ ತೊಟ್ಟಿಲು ತೂಗುತ್ತ ನಕ್ಕಳು.

“ಕಲ್ಲು ಹೇತ್ವಿಕಾ.”

“ಏನೂ?” ಎಂದು ನರಸಮ್ಮ ಕಿವಿಗೆ ಕೈಯಿಟ್ಟಳು. ನಾಲಿಗೆ ಹೊರಳಿಸಲಾಗದೆ ಎರಡು ಸಲ ಸೋತು, “ಕಲ್ಲಿಗೇ ಇರ್ಲಿ ಬುಡು,” ಎಂದಳು.

“ಕೂಸು... ಹೇಮಾವತಿ.”

ಯಾರೂ ನಗಲಿಲ್ಲ. ರಾಧಾಮಣಿ ತೊಟ್ಟಿಲಿಗೆ ಬಗ್ಗಿ, ಹೊಸ ಹೆಸರನ್ನು ಬಾಯಲ್ಲಿ ಒಮ್ಮೆ ಆಡಿಸಿ ನೋಡಿ, ರಾಗವಾಗಿ ಕರೆದಳು.

“ಹೇಮಾ... ಹೇಮಾವತೀ...”

ಆ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಗೌರಕ್ಕ ಕೇಳಿದ್ದು ಅದೇ ಮೊದಲು. ಕೂಸು ನಿದ್ದೆಯಲ್ಲಿತ್ತು. ಅದರ ಬದಲು ತಾನೇ “ಓ” ಅಂದಳು.