ಬದನೆ ಬಣ್ಣದ ಪಟ್ಟಿ

ಹುಟ್ಟುವಾಗ ನಾನು ಬಾವುಟವಾಗಿರಲಿಲ್ಲ. ಬೆಟಗೇರಿಯ ಒಂದು ಮಗ್ಗದ ಮೇಲೆ ಬರೀ ಬಿಳಿ ಬಟ್ಟೆಯಾಗಿ ಹುಟ್ಟಿದೆ. ಲಾಳಿ ಆ ಕಡೆಯಿಂದ ಈ ಕಡೆ ಓಡುತ್ತಿತ್ತು, ನಾನು ಬೆಳೆಯುತ್ತಿದ್ದೆ. ಈಗಲೂ ಕಣ್ಣು ಮುಚ್ಚಿದರೆ ಆ ಸದ್ದೇ ಮೊದಲು ಕೇಳುತ್ತದೆ.

ನನ್ನನ್ನು ಕೊಂಡವರು ಹೊಸಹಳ್ಳ ಕಾಲೇಜಿನ ಆಟದ ಮಾಸ್ತರು ಹಾಲಪ್ಪ. ರೈಲು ದಾರಿಯ ಆ ಊರುಗಳ ಕಾಲೇಜುಗಳೆಲ್ಲ ಸಣ್ಣವು. ದೊಡ್ಡ ಊರಿನ ಪಂದ್ಯಗಳಿಗೆ ಹೋದರೆ ಮೊದಲ ಆಟದಲ್ಲೇ ಸೋತು, ಮಧ್ಯಾಹ್ನದ ರೈಲಿಗೆ ವಾಪಸು ಬರುತ್ತಿದ್ದವು. ಅದಕ್ಕೆ ಮೂರು ಕಾಲೇಜಿನ ಮಾಸ್ತರರು ಹೊಸಹಳ್ಳ ಸ್ಟೇಷನ್ನಿನ ಬೇವಿನ ಮರದ ಕೆಳಗೆ ಕೂತು ತಮ್ಮದೇ ಒಂದು ಕ್ರೀಡಾ ಒಕ್ಕೂಟ ಮಾಡಿಕೊಂಡರು. ಚಹಾ ಕುಡಿಯುತ್ತಲೇ ಅದು ಮುಗಿಯಿತು. ನನ್ನ ಮೇಲೂ ಸ್ವಲ್ಪ ಚೆಲ್ಲಿತು. ಆ ಕಲೆಯೇ ನನ್ನ ಮೊದಲ ಬಣ್ಣ.

ನನ್ನನ್ನೇ ಒಕ್ಕೂಟದ ಬಾವುಟ ಮಾಡಿ, ಪ್ರತಿ ಡಿಸೆಂಬರಿನ ಪಂದ್ಯಕ್ಕೆ ಬಿದಿರಿಗೆ ಏರಿಸತೊಡಗಿದರು. ಒಕ್ಕೂಟಕ್ಕೆ ಸೇರುವ ಕಾಲೇಜು ನನಗೆ ಒಂದು ಪಟ್ಟಿ ಹೊಲಿಯಬೇಕು. ಹೊಸ ಬಟ್ಟೆ ನಡೆಯದು. ಅಂಗಳದಲ್ಲಿ ಆಡಿ ಬೆವರಿದ ಅಂಗಿಯಿಂದಲೇ ಕತ್ತರಿಸಿದ್ದಿರಬೇಕು. ಮೊದಲಿನ ಪಟ್ಟಿಯನ್ನು ನನ್ನ ಕೆಳ ಅಂಚಿಗೆ ಹೊಲಿದರು, ಆಮೇಲೆ ಬಂದವರು ತಮ್ಮದನ್ನು ಹಿಂದಿನವರ ಪಟ್ಟಿಗೆ ಕೂಡಿಸಿದರು. ಹೀಗೆ ನಾನು ಕೆಳಗೆ ಕೆಳಗೆ ಉದ್ದವಾದೆ. ಹಾಲಪ್ಪ ಮಾಸ್ತರು ಮೊದಲ ವರ್ಷವೇ ಒಂದು ಮಾತು ಹೇಳಿದ್ದರು.

“ಹೊಲಿದವರು ತಾವ ಬಿಚ್ಚಬೇಕು. ಇನ್ನೊಬ್ಬರ ಹೊಲಿಗಿಗೆ ಯಾರೂ ಕೈ ಹಚ್ಚಂಗಿಲ್ಲ.”

ಎರಡು ವರ್ಷ ಅಂಗಳಕ್ಕೆ ತಂಡ ಇಳಿಸದ ಕಾಲೇಜು ತನ್ನ ಪಟ್ಟಿ ಬಿಚ್ಚಿಕೊಂಡು ಹೋಗಬೇಕು ಎಂಬುದೂ ಅವರದೇ ಕಟ್ಟಳೆ. ಹಾಗೆ ಹೋದವರೂ ಇದ್ದರು. ಗಿಣಿಹಸಿರು ಹೋಯಿತು, ಹುಣಸೆಬಣ್ಣ ಹೋಯಿತು. ಮೇಲಿನ ಹೊಲಿಗೆಯನ್ನು ಹೋಗುವವರು ಬಿಚ್ಚುತ್ತಿದ್ದರು. ಕೆಳಗಿನದನ್ನು ಕೆಳಗಿನ ಕಾಲೇಜಿನವರು ತಾವಾಗಿ ಬಿಚ್ಚಿ, ತಮ್ಮ ಪಟ್ಟಿಯನ್ನು ಮೇಲಿನದಕ್ಕೆ ಕೂಡಿಸಿಕೊಳ್ಳುತ್ತಿದ್ದರು. ಸೂಜಿಯ ತೂತುಗಳು ಮಾತ್ರ ನನ್ನಲ್ಲಿ ಉಳಿಯುತ್ತಿದ್ದವು. ಡಿಸೆಂಬರಿನ ಬಿಸಿಲು ಅವುಗಳಲ್ಲಿ ನುಸುಳಿ ಅಂಗಳದ ಮೇಲೆ ಸಾಸಿವೆ ಚೆಲ್ಲಿದಂತೆ ಬೀಳುತ್ತಿತ್ತು.

ಬನ್ನಿಕಟ್ಟಿಯ ಹೆಣ್ಣುಮಕ್ಕಳ ಕಾಲೇಜು ಸೇರಿದಾಗ ಅದರ ತಂಡದ ನಾಯಕಿ ನೀಲಗಂಗಾ ತನ್ನದೇ ಅಂಗಿ ಕತ್ತರಿಸಿ ಪಟ್ಟಿ ಹೊಲಿದಳು. ಬದನೆಕಾಯಿ ಬಣ್ಣದ ಅಂಗಿ. ಅವಳು ಖೋ ಖೋ ಆಡುವುದನ್ನು ನಾನು ಬಿದಿರಿನ ತುದಿಯಿಂದ ನೋಡುತ್ತಿದ್ದೆ. ಸಾಲಿನಲ್ಲಿ ಕೂತವಳ ಬೆನ್ನು ಮುಟ್ಟಿ ಖೋ ಅನ್ನುವಾಗಲೂ ಅವಳ ಕೈ ಮೆತ್ತಗೆ ಇರುತ್ತಿತ್ತು, ಮಲಗಿದ ಕೂಸನ್ನು ಎಬ್ಬಿಸಿದಂತೆ.

ಮರುವರ್ಷ ಮೂಡಲಗೇರಿ ಕಾಲೇಜು ಬಂತು. ಅದರ ನಾಯಕಿ ಜೈಬುನ್ ಬದನೆ ಬಣ್ಣದ ಕೆಳಗೆ ತನ್ನ ಹಳದಿ ಪಟ್ಟಿ ಹೊಲಿಯುತ್ತಿದ್ದಳು. ಹೊಲಿಗೆ ಸೊಟ್ಟಾಪಟ್ಟಾ ಹೋಗುತ್ತಿತ್ತು. ನೀಲಗಂಗಾ ಪಕ್ಕದಲ್ಲೇ ನಿಂತು ನೋಡಿದಳು.

“ಇದೇನ ಹೊಲಿಗಿನೋ, ಇರಿವಿ ಹೊಂಟ ಸಾಲೋ?”

ಜೈಬುನ್ ಹಲ್ಲಿನಿಂದ ದಾರ ಕಡಿದಳು. “ಇರಿವಿ ಸಾಲ ಆಗಲಿ. ನಾಳೆ ಅಂಗಳದಾಗ ನಿನ್ನ ಬೆನ್ನ ಹಿಂದ ಬರ್ತಾವ, ನೋಡ್ಕೋ.”

ಮರುದಿನ ಮೂಡಲಗೇರಿ ಗೆದ್ದಿತು. ಆಮೇಲೆ ಪ್ರತಿ ವರ್ಷ ಇವರಿಬ್ಬರದೇ ಜಿದ್ದು.

ಗೆದ್ದ ಕಾಲೇಜಿನ ಜೊತೆ ನಾನು ಒಂದು ವರ್ಷ ಇರಬೇಕು. ಹಾಗಾಗಿ ಬಹಳ ಕಪಾಟುಗಳಲ್ಲಿ ಮಲಗಿದ್ದೇನೆ. ಹೊಸಹಳ್ಳದಲ್ಲಿ ಸುಣ್ಣದ ಪುಡಿ ಮತ್ತು ಭರ್ಜಿಗಳ ನಡುವೆ. ಮೂಡಲಗೇರಿಯಲ್ಲಿ ವಿಜ್ಞಾನದ ಕೋಣೆಯಲ್ಲಿ, ಅಲ್ಲಿನ ಖಾರ ವಾಸನೆಗೆ ನನಗೆ ವಿಚಿತ್ರ ಕನಸುಗಳು ಬೀಳುತ್ತಿದ್ದವು. ಬನ್ನಿಕಟ್ಟಿಯಲ್ಲಿ ಹುಡುಗಿಯರು ನನ್ನ ಮಡಿಕೆಯಲ್ಲಿ ಬೇವಿನ ಎಲೆ ಇಡುತ್ತಿದ್ದರು. ಕನಸಿನಲ್ಲಿ ಯಾವಾಗಲೂ ಕಾಲುಗಳೇ ಬರುತ್ತಿದ್ದವು. ಮುಖವಿಲ್ಲದ, ಧೂಳಿನ, ಓಡುವ ಕಾಲುಗಳು.

ಕಾಲ ಹೋಯಿತು. ನೀಲಗಂಗಾ ತನ್ನ ಕಾಲೇಜಿಗೇ ಆಟದ ಮೇಡಂ ಆಗಿ ಬಂದಳು, ಜೈಬುನ್ ತನ್ನದಕ್ಕೆ. ಈಗ ಅಂಗಳದ ಹೊರಗೆ ನಿಂತು ಕೂಗುತ್ತಿದ್ದರು, ಜಿದ್ದು ಹಾಗೇ ಇತ್ತು. ಅಷ್ಟರಲ್ಲಿ ಊರುಗಳಿಗೆ ಬಸ್ಸು ಹೆಚ್ಚಾದವು. ಬನ್ನಿಕಟ್ಟಿಯ ಹುಡುಗಿಯರು ದೊಡ್ಡ ಊರಿನ ಕಾಲೇಜಿಗೆ ಹೋಗತೊಡಗಿದರು. ಖೋ ಖೋ ಆಡಲು ಒಂಬತ್ತು ಜನ ಬೇಕು. ಒಂದು ವರ್ಷ ನೀಲಗಂಗಾ ತಂಡ ತರಲಿಲ್ಲ. ಮರುವರ್ಷ ಎಂಟು ಹುಡುಗಿಯರನ್ನು ಕರೆದುಕೊಂಡು ರೈಲಿನಿಂದ ಇಳಿದಳು. ಒಂಬತ್ತನೆಯವಳ ಲಗ್ನ ಹಿಂದಿನ ವಾರವಷ್ಟೇ ಆಗಿತ್ತು.

ಹಾಲಪ್ಪ ಮಾಸ್ತರು ಆಗ ಮುದುಕರಾಗಿದ್ದರು. ಎಂಟು ಜನರನ್ನು ಎಣಿಸಿದರು. ತಂಡವಿಲ್ಲದ ಎರಡನೆಯ ವರ್ಷ ಇದು. ಆಮೇಲೆ ನನ್ನನ್ನು ಬಿದಿರಿನಿಂದ ಇಳಿಸಿ ಮೇಜಿನ ಮೇಲೆ ಹಾಸಿ, ಕತ್ತರಿಯನ್ನು ನೀಲಗಂಗಾಳ ಕಡೆ ಸರಿಸಿದರು.

ಅವಳು ಕೂತಳು. ತಾನೇ ಹಾಕಿದ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದಳು. ಆ ಕೈ ಆಗಲೂ ಮೆತ್ತಗೇ ಇತ್ತು. ಹುಡುಗಿಯರು ಆಡುವ ಅಂಗಿ ತೊಟ್ಟು ಹಿಂದೆ ನಿಂತಿದ್ದರು. ಈ ಪಟ್ಟಿ ಹೋದರೆ ಅವರಿಗೆ ಮುಂದೆ ಈ ರೈಲಿಲ್ಲ, ಈ ಅಂಗಳವಿಲ್ಲ. ಮನೆ, ಕಾಲೇಜು, ಮತ್ತೆ ಮನೆ. ಮೇಲಿನ ಹೊಲಿಗೆ ಮುಗಿದಾಗ ನಾನು ಎರಡಾದೆ. ಬದನೆ ಬಣ್ಣ, ಅದರ ಕೆಳಗೆ ಹಳದಿ, ಹಳದಿಯ ಕೆಳಗಿನ ಬಣ್ಣಗಳೆಲ್ಲ ಒಂದು ಕಡೆ. ಬಿಳಿಯ ನಾನು, ಒಂದೆರಡು ಪಟ್ಟಿ ಇನ್ನೊಂದು ಕಡೆ.

ಮಾಸ್ತರು ಜೈಬುನ್‌ಳನ್ನು ಕರೆದರು. ಅವಳು ಬಂದು ತನ್ನ ಸೊಟ್ಟ ಹೊಲಿಗೆಯನ್ನು ಬೆರಳಿನಿಂದ ಸವರಿದಳು. ಕತ್ತರಿ ಮುಟ್ಟಲಿಲ್ಲ.

“ನಾ ಬಿಚ್ಚೂದಿಲ್ರಿ.”

“ಪದ್ಧತಿ ಐತೆವಾ.”

“ಹೊಲಿದವರು ತಾವ ಬಿಚ್ಚಬೇಕು ಅಂದವರು ನೀವ. ಹೊಲಿದಾಕಿ ನಾನು. ಒಲ್ಲೆ ಅಂತೀನಿ. ಇವರನ್ನ ಕಳಿಸೂದಿದ್ರ ನಮ್ಮನ್ನೂ ಕಳಿಸ್ರಿ. ನಮ್ಮ ಕೆಳಗಿನವರೂ ಬರ್ತಾರ.”

ಮಾಸ್ತರು ನನ್ನ ಚಹಾದ ಕಲೆಯ ಮೇಲೆ ಕೈಯಿಟ್ಟುಕೊಂಡು ಕೂತರು. ಕಡೆಗೆ ಕತ್ತರಿಯನ್ನು ಕಿಸೆಗೆ ಹಾಕಿಕೊಂಡರು. ಅವರು ಕೇಳಿದ್ದು ಒಂದೇ, ಎಂಟು ಮಂದಿ ಹೆಂಗ ಆಡ್ತಾರವಾ ಎಂದು. ಜೈಬುನ್ ತನ್ನ ತಂಡದಿಂದಲೂ ಒಬ್ಬಳನ್ನು ಹೊರಗೆ ಕೂರಿಸಿದಳು. ಎರಡೂ ಕಡೆಯವರು ಸಾಲಿನಲ್ಲಿ ಒಬ್ಬಳು ಕೂರುವ ಒಂದು ಮನೆಯನ್ನು ಖಾಲಿ ಬಿಟ್ಟು ಆಡಿದರು.

ಬನ್ನಿಕಟ್ಟಿ ಸೋತಿತು. ಚೆನ್ನಾಗಿಯೇ ಸೋತಿತು. ನೀಲಗಂಗಾ ಆಟ ನೋಡುತ್ತಲೇ ನನ್ನನ್ನು ಮತ್ತೆ ಹೊಲಿಯುತ್ತಿದ್ದಳು. ಕಣ್ಣು ಅಂಗಳದ ಮೇಲಿದ್ದದ್ದಕ್ಕೆ ಅವಳ ಹೊಲಿಗೆಯೂ ಸೊಟ್ಟಾಯಿತು. ಜೈಬುನ್ ಬಗ್ಗಿ ನೋಡಿ ನಕ್ಕಳು. ಆ ಖಾಲಿ ಮನೆಯಲ್ಲಿ ಯಾರೋ ಕೂತಿದ್ದಾರೆ ಎಂದು ನನಗೆ ಮಾತ್ರ ಅನಿಸುತ್ತಿತ್ತು, ಬೆನ್ನು ಮುಟ್ಟುವುದನ್ನೇ ಕಾಯುತ್ತಾ.

ಆಮೇಲೆ ಬನ್ನಿಕಟ್ಟಿ ಕಾಲೇಜಿಗೆ ಮತ್ತೆ ಒಂದಿಷ್ಟು ವರ್ಷ ಹುಡುಗಿಯರು ಬಂದರು. ಮುಂದೆ ಅದೂ ಮುಚ್ಚಿತು, ಮಾಸ್ತರೂ ಹೋದರು, ಒಕ್ಕೂಟವೂ ಸದ್ದಿಲ್ಲದೆ ನಿಂತಿತು. ನನ್ನನ್ನು ಯಾರೂ ಕೇಳಲಿಲ್ಲ. ಮೂಡಲಗೇರಿಯ ಕಪಾಟಿನಲ್ಲಿ ನುಸಿ ನನ್ನ ಬಿಳಿಯನ್ನು ತಿನ್ನುತ್ತಿತ್ತು. ನಿವೃತ್ತಿಯಾಗಿ ಮನೆಗೆ ಹೋಗುವ ದಿನ ಜೈಬುನ್ ನನ್ನನ್ನು ಕಂಕುಳಲ್ಲಿ ಹಿಡಿದುಕೊಂಡು ಹೊರಟಳು.

ನೀಲಗಂಗಾಳ ಮನೆಯ ಕಟ್ಟೆಯ ಮೇಲೆ ಇಬ್ಬರೂ ಕೂತು, ನನ್ನ ಹಿಂದೆ ತಮ್ಮ ಹಳೆಯ ಸೀರೆಗಳನ್ನು ಇಟ್ಟು ಹೊಲಿದರು. ಈಗ ನಾನು ಒಂದು ಕೌದಿ. ಮಗ್ಗದವರು ನನ್ನನ್ನು ಹೊದಿಕೆಗೆಂದೇ ನೇಯ್ದಿದ್ದರೋ ಏನೋ.

ನೀಲಗಂಗಾಳ ಮೊಮ್ಮಗಳು ನನ್ನ ಕೆಳಗೆ ಮಲಗುತ್ತಾಳೆ. ನಿದ್ದೆಯಲ್ಲಿ ಅವಳ ಕಾಲು ಆಡುತ್ತಿರುತ್ತದೆ. ಚಳಿಗಾಲದ ಬೆಳಿಗ್ಗೆ ಒಮ್ಮೊಮ್ಮೆ ಜೈಬುನ್ ಬರುತ್ತಾಳೆ. ಬದನೆ ಬಣ್ಣವೂ ಹಳದಿಯೂ ಕೂಡುವಲ್ಲಿ, ಮಗುವಿನ ಬೆನ್ನಿರುವ ಜಾಗದಲ್ಲಿ, ಮೆತ್ತಗೆ ಕೈಯಿಡುತ್ತಾಳೆ.

“ಖೋ,” ಎನ್ನುತ್ತಾಳೆ.

ಮಗು ಎದ್ದು ಅಂಗಳಕ್ಕೆ ಓಡುತ್ತದೆ. ಆ ಪುಟ್ಟ ಮೈಯ ಬಿಸಿ ಬಹಳ ಹೊತ್ತು ನನ್ನಲ್ಲೇ ಇರುತ್ತದೆ.