ಎರಡೂವರೆ ಕೊಡಚಾದ್ರಿ ಎತ್ತರದಲ್ಲಿ ಬೀಗರು

ಭದ್ರಾವತಿ ನ್ಯೂ ಟೌನಿನ ಬಂಗಾರಪ್ಪನವರಿಗೂ ಶಿವಮೊಗ್ಗ ರವೀಂದ್ರನಗರದ ಪುಟ್ಟಯ್ಯನವರಿಗೂ ಜಗಳವೇನೂ ಇರಲಿಲ್ಲ. ಇಬ್ಬರೂ ಬೀಗರು, ಅಷ್ಟೆ. ಬಂಗಾರಪ್ಪನವರ ಮಗ ಭೀಮೇಶನಿಗೆ ಪುಟ್ಟಯ್ಯನವರ ಮಗಳು ಸುಷ್ಮಾಳನ್ನು ಕೊಟ್ಟ ದಿನದಿಂದ, ಒಬ್ಬರ ಮುಂದೆ ಇನ್ನೊಬ್ಬರು ಸುಸ್ತಾಯಿತು ಎಂದವರಲ್ಲ. ಇವರು ಎರಡು ಹೋಳಿಗೆ ತಿಂದರೆ ಅವರು ಮೂರು ತಿನ್ನಬೇಕು. ಅವರು ಲಿಫ್ಟ್ ಬೇಡವೆಂದರೆ ಇವರೂ ಮೆಟ್ಟಿಲನ್ನೇ ಹತ್ತಬೇಕು.

ಮೊಮ್ಮಗುವಿನ ಹುಟ್ಟುಹಬ್ಬದ ಊಟ ಮುಗಿದು ಎಲೆ ಅಡಿಕೆ ಹಾಕಿಕೊಳ್ಳುವಾಗ ಬಂಗಾರಪ್ಪ ಮಾತು ತೆಗೆದರು.

"ಬೀಗ್ರೇ, ಲಡಾಖಿಗೆ ಹೋಗಿ ಬರೋಣ್ವಾ? ಚಳಿ ಗಿಳಿ ತಡ್ಕೊಳ್ತೀರೋ ಇಲ್ವೋ ನೋಡ್ಕೊಳಿ."

ಪುಟ್ಟಯ್ಯನವರಿಗೆ ಲಡಾಖಿಗೆ ಹೋಗುವ ಯೋಚನೆ ಕನಸಿನಲ್ಲೂ ಇರಲಿಲ್ಲ. ಆದರೂ ತಕ್ಷಣ, "ನಾನೇ ಹೇಳ್ಬೇಕು ಅಂತಿದ್ದೆ, ನೀವು ಬರ್ತೀರೋ ಇಲ್ವೋ ಅಂತ ಸುಮ್ನಿದ್ದೆ" ಎಂದರು.

ಅಲ್ಲೇ ಕೂತು ಯೋಜನೆ ಮಾಡಿಬಿಟ್ಟರು. ಬೆಳಿಗ್ಗೆ ದೆಹಲಿಯಿಂದ ವಿಮಾನದಲ್ಲಿ ಲೇಹ್ ಪಟ್ಟಣ, ಮಧ್ಯಾಹ್ನ ಅಲ್ಲಿನ ಗುಡ್ಡದ ಮೇಲಿನ ಅರಮನೆ, ಮರುದಿನವೇ ಖಾರ್ದುಂಗ್ ಲಾ ಘಟ್ಟ.

ಸುಷ್ಮಾ ದುರ್ಗಿಗುಡಿಯ ಒಂದು ಆಸ್ಪತ್ರೆಯಲ್ಲಿ ನರ್ಸ್. ಅವಳು ಮಗುವಿನ ಬಾಯಿ ಒರೆಸುತ್ತ ಹೇಳಿದಳು: "ಮಾವ, ಮೊದಲ ಎರಡು ದಿನ ಎಲ್ಲಿಗೂ ಹೋಗ್ಬಾರ್ದು. ಸುಮ್ನೆ ಮಲಗಿರ್ಬೇಕು."

"ಮಲಗೋಕೆ ನ್ಯೂ ಟೌನಲ್ಲಿ ಮಂಚ ಇಲ್ವೇನಮ್ಮಾ? ಕಾರ್ಖಾನೇಲಿ ಕುಲುಮೆ ಮುಂದೆ ನಿಂತು ದುಡಿದ ಮೈ ಇದು."

"ಕುಲುಮೆಗೂ ಇದಕ್ಕೂ ಸಂಬಂಧ ಇಲ್ಲ ಮಾವ. ಅಲ್ಲಿ ಗಾಳಿ ತೆಳು. ಒಂದೊಂದು ಉಸಿರಿಗೂ ಸಿಗೋ ಆಮ್ಲಜನಕ ಕಮ್ಮಿ. ಮೈ ಅದಕ್ಕೆ ಒಗ್ಗೋಕೆ ಟೈಮ್ ಬೇಕು."

"ನಾನು ಪಿ.ಟಿ. ಮೇಷ್ಟ್ರಾಗಿದ್ದೋನು ಕಣೇ" ಎಂದರು ಪುಟ್ಟಯ್ಯ. "ವರ್ಷಾ ವರ್ಷಾ ಹುಡುಗರನ್ನ ಕೊಡಚಾದ್ರಿ ಹತ್ತಿಸಿದೀನಿ."

"ಅಪ್ಪಾ, ಕೊಡಚಾದ್ರಿ ಮೇಲೆ ಇನ್ನೊಂದು ಕೊಡಚಾದ್ರಿ ಇಟ್ಟು, ಅದರ ಮೇಲೆ ಅರ್ಧ ಇಟ್ರೆ ಲೇಹ್ ಊರು. ನಾಲ್ಕು ಇಟ್ರೆ ನೀವು ಮಾರನೇ ದಿನ ಹೋಗ್ತೀನಿ ಅಂತಿರೋ ಘಟ್ಟ. ಗಟ್ಟಿಮುಟ್ಟಾಗಿರೋರಿಗೂ ಈ ಎತ್ತರದ ಕಾಯಿಲೆ ಬರುತ್ತೆ."

ಹೇಗೋ ಒಪ್ಪಿಸಿ ಸುಷ್ಮಾ ಬೀಗರಿಬ್ಬರನ್ನೂ ಜೊತೆಗೆ ಹೊರಟಿದ್ದ ಅವರ ಹೆಂಡತಿಯರನ್ನೂ ಡಾಕ್ಟರ ಹತ್ತಿರ ಕರೆದೊಯ್ದಳು. ಡಾಕ್ಟರು ಬಿ.ಪಿ., ಸಕ್ಕರೆ, ಹೃದಯ ಎಲ್ಲ ನೋಡಿ, ಬೇಕಾದ ಮಾತ್ರೆ ಬರೆದುಕೊಟ್ಟು, ಅದೇ ಮಾತು ಹೇಳಿದರು: ಮೊದಲು ವಿಶ್ರಾಂತಿ, ತಲೆನೋವು ಬಂದರೆ ಮುಚ್ಚಿಡಬೇಡಿ. ಬೀಗರಿಬ್ಬರೂ ಸಾಲಿನಲ್ಲಿ ಕೂತ ಶಾಲಾ ಮಕ್ಕಳಂತೆ ತಲೆಯಾಡಿಸಿದರು.

ಲೇಹ್ ತಲುಪಿದ ಮೇಲೆ ಆ ತಲೆಗಳು ಬೇರೆಯೇ ಆದವು. ಬಂಗಾರಪ್ಪನವರ ಹೆಂಡತಿ ಈಶ್ವರಮ್ಮ, ಪುಟ್ಟಯ್ಯನವರ ಹೆಂಡತಿ ಕರಿಯಮ್ಮ ಇಬ್ಬರೂ ಹೇಳಿದಂತೆ ಕಂಬಳಿ ಹೊದ್ದು ಮಲಗಿದರು. ಗಂಡಸರು ಮಾತ್ರ "ಇಲ್ಲೇ ಚಾ ಕುಡಿದು ಬರ್ತೀವಿ" ಎಂದು ಹೊರಟವರು ಅರಮನೆಯ ಮೆಟ್ಟಿಲ ಬುಡದಲ್ಲಿದ್ದರು. ಸ್ವಲ್ಪ ಹತ್ತುವಷ್ಟರಲ್ಲಿ ಇಬ್ಬರಿಗೂ ಎದೆ ಡವಗುಟ್ಟಿತು. ಬೀಗರು ನಿಂತರೆ ನಿಲ್ಲೋಣ ಎಂದು ಇವರು, ಇವರು ನಿಂತರೆ ನಿಲ್ಲೋಣ ಎಂದು ಅವರು. ಯಾರೂ ನಿಲ್ಲಲಿಲ್ಲ. ತುದಿ ಮುಟ್ಟಿ ಒಂದು ಫೋಟೋ ತೆಗೆಸಿಕೊಂಡರು. ಫೋಟೋದಲ್ಲಿ ಇಬ್ಬರ ಬಾಯಿಯೂ ತೆರೆದೇ ಇತ್ತು. ಮನೆಯವರು ನಗು ಎಂದುಕೊಂಡರು.

ಮರುದಿನ ಬೆಳಿಗ್ಗೆ ಘಟ್ಟಕ್ಕೆ ಹೋಗುವ ಕಾರು ಹೋಟೆಲಿನ ಬಾಗಿಲಿಗೆ ಬಂದಿತ್ತು.

"ನಿದ್ದೆ ಹೇಗಾಯ್ತು ಬೀಗ್ರೇ?" ಬಂಗಾರಪ್ಪ ಕೇಳಿದರು. ಕಣ್ಣು ಕೆಂಪಗಿತ್ತು.

"ಏಳೋಕೇ ಮನಸ್ಸಿರ್ಲಿಲ್ಲ ನೋಡಿ" ಎಂದ ಪುಟ್ಟಯ್ಯ, ಬ್ರೆಡ್ಡಿಗೆ ಹಚ್ಚಬೇಕಾದ ಜಾಮನ್ನು ತಟ್ಟೆಯ ಅಂಚಿಗೆ ಹಚ್ಚುತ್ತಿದ್ದರು.

ಪಕ್ಕದ ಮೇಜಿನಲ್ಲಿ ಹೆಂಗಸರು ಮೆಲ್ಲಗೆ ಮಾತಾಡಿಕೊಂಡರು.

"ನಮ್ಮೋರು ರಾತ್ರಿಯೆಲ್ಲ ತಲೆ ಹಿಡ್ಕೊಂಡು ಕೂತಿದ್ರು ಕಣಕ್ಕ. ಬೀಗರಿಗೆ ಹೇಳ್ಬೇಡ ಅಂದ್ರು" ಎಂದರು ಈಶ್ವರಮ್ಮ.

"ನಮ್ಮೋರು ಎರಡು ಸಲ ವಾಂತಿ ಮಾಡಿದ್ರು. ಬೀಗರಿಗೆ ಕೇಳಿಸ್ಬಾರ್ದು ಅಂತ ನಲ್ಲಿ ಬಿಟ್ಕೊಂಡಿದ್ರು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಕರಿಯಮ್ಮ ಚಾ ಲೋಟ ಪಕ್ಕಕ್ಕಿಟ್ಟು ಮಗಳಿಗೆ ವಿಡಿಯೋ ಕಾಲ್ ಮಾಡಿದರು.

ಸುಷ್ಮಾ ಬೈಯಲಿಲ್ಲ. "ನೆಲದ ಟೈಲ್ಸಿನ ಗೆರೆ ಮೇಲೆ ಇಬ್ಬರನ್ನೂ ನಡೆಸಿ. ಒಂದು ಕಾಲಿನ ಬೆರಳಿಗೆ ಇನ್ನೊಂದು ಕಾಲಿನ ಹಿಮ್ಮಡಿ ತಾಗಬೇಕು" ಎಂದಳು.

ಬಂಗಾರಪ್ಪ ಮದುಮಗನಂತೆ ಎಚ್ಚರದಿಂದ ನಡೆದು ಮುಗಿಸಿದರು. ಪುಟ್ಟಯ್ಯ ನಾಲ್ಕು ಹೆಜ್ಜೆ ಇಟ್ಟು ಎಡಕ್ಕೆ ವಾಲಿದರು. ಇನ್ನೊಮ್ಮೆ ಪ್ರಯತ್ನಿಸಿ ಗೋಡೆ ಹಿಡಿದುಕೊಂಡರು.

"ಈ ಹೋಟೆಲಿನ ನೆಲ ವಾರೆ ಇದೆ" ಎಂದರು.

ಫೋನಿನಲ್ಲಿ ಸುಷ್ಮಾಳ ದನಿ ಬದಲಾಯಿತು. "ಅಮ್ಮ, ಘಟ್ಟ ಬೇಡ. ಅದೇ ಕಾರಲ್ಲಿ ಈಗಲೇ ಆಸ್ಪತ್ರೆಗೆ ಹೋಗಿ. ಅಪ್ಪನ್ನ ನಡೆಸ್ಬೇಡಿ."

ಬಂಗಾರಪ್ಪ ಬೀಗರನ್ನು ನೋಡಿದರು. ಕಾರು ತರಿಸಿದವರು ತಾವೇ. ಮೆಲ್ಲಗೆ ಬಂದು ಪುಟ್ಟಯ್ಯನವರ ತೋಳು ಹಿಡಿದರು.

"ಬೀಗ್ರೇ, ನಂಗೂ ತಲೆ ಸಿಡೀತಿದೆ. ನಿನ್ನೆ ಮೆಟ್ಲಲ್ಲೇ ಸಾಕಾಗಿತ್ತು. ನೀವು ನಿಲ್ಲಲಿ ಅಂತ ಕಾಯ್ತಿದ್ದೆ."

"ಅಯ್ಯೋ ಮಾರಾಯ" ಎಂದರು ಪುಟ್ಟಯ್ಯ. "ನೀವು ನಿಲ್ಲಲಿ ಅಂತ ನಾನು ಕಾಯ್ತಿದ್ದೆ."

ಆಸ್ಪತ್ರೆಯಲ್ಲಿ ಪುಟ್ಟಯ್ಯನವರಿಗೆ ಆಮ್ಲಜನಕ ಹಾಕಿ ಔಷಧಿ ಕೊಟ್ಟರು. ಮಿದುಳಿನಲ್ಲಿ ಊತ ಶುರುವಾಗಿತ್ತು. ಅಲ್ಲಿನ ಡಾಕ್ಟರು ಕರಿಯಮ್ಮನವರಿಗೆ, "ಇವತ್ತು ಮೇಲೆ ಹೋಗಿದ್ದರೆ ಇವರನ್ನು ಉಳಿಸುವುದು ಕಷ್ಟವಾಗುತ್ತಿತ್ತು. ಆದಷ್ಟು ಬೇಗ ಕೆಳಗಿಳಿಸಿ" ಎಂದರು. ಸಿಕ್ಕ ಮೊದಲ ವಿಮಾನದಲ್ಲಿ ನಾಲ್ವರೂ ದೆಹಲಿಗೆ ಇಳಿದರು. ದಾರಿಯುದ್ದಕ್ಕೂ ಬಂಗಾರಪ್ಪ ಬೀಗರ ಕೈ ಬಿಡಲಿಲ್ಲ. ದೆಹಲಿಯ ಆಸ್ಪತ್ರೆಯಲ್ಲಿ ಚೇತರಿಸಿಕೊಂಡ ಪುಟ್ಟಯ್ಯ, "ಇಲ್ಲೆಲ್ಲಾದ್ರೂ ದೋಸೆ ಸಿಗುತ್ತಾ?" ಎಂದು ಕೇಳಿದರು. ಅಷ್ಟು ಹೊತ್ತು ಗಟ್ಟಿಯಾಗಿದ್ದ ಕರಿಯಮ್ಮ ಆಗ ಅತ್ತುಬಿಟ್ಟರು.

ಮರುವರ್ಷ ಡಾಕ್ಟರ ಒಪ್ಪಿಗೆ ಪಡೆದು ನಾಲ್ವರೂ ಮತ್ತೆ ಹೊರಟರು. ಈ ಸಲದ ಯೋಜನೆ ಸುಷ್ಮಾಳದು. ಮೊದಲು ವಿಶ್ರಾಂತಿ, ಆಮೇಲೆ ಊರೊಳಗೆ ನಿಧಾನ ಓಡಾಟ, ಎಲ್ಲರೂ ಹುಷಾರಾಗಿದ್ದರೆ ಮಾತ್ರ ಮುಂದೆ. ಏನಾದರೂ ಆದರೆ ಕೆಳಗಿಳಿಯಲು ಕೈಯಲ್ಲಿ ಬಿಡುವಿನ ದಿನಗಳು. ಲೇಹ್‌ನಿಂದ ಬಂಗಾರಪ್ಪ ಸೊಸೆಗೆ ಫೋನ್ ಮಾಡಿದರು.

"ನಾನು ಬೆಳಿಗ್ಗೆಯಿಂದ ಮಂಚ ಬಿಟ್ಟು ಇಳಿದಿಲ್ಲಮ್ಮ. ನಿಮ್ಮಪ್ಪ ಆಗಲೇ ಒಂದು ಸಲ ಕಿಟಕಿ ಹತ್ರ ಹೋಗಿದ್ರು."

ಹಿಂದಿನಿಂದ ಪುಟ್ಟಯ್ಯನವರ ದನಿ ಕೇಳಿಸಿತು: "ಕಿಟಕಿ ಹಾಕೋಕೆ ಹೋಗಿದ್ದು ಕಣೇ. ಅದೂ ನಿಧಾನಕ್ಕೆ."

ಬಂಧುಗಳೇ, ನಮ್ಮ ಶಿವಮೊಗ್ಗ, ಭದ್ರಾವತಿಯಿಂದ ಕೇದಾರಕ್ಕೋ ಲಡಾಖಿಗೋ ಹೊರಡುವವರು ಈಗ ಬಹಳ ಮಂದಿ. ನೀವೂ ಹೋಗಿ ಬನ್ನಿ. ಟಿಕೆಟ್ ಮಾಡಿಸುವ ಮೊದಲು ಡಾಕ್ಟರನ್ನು ಕಾಣಿ. ಬೇರೆಯವರ ಮಾತು ಕೇಳಿ ಮಾತ್ರೆ ನುಂಗಬೇಡಿ. ಎತ್ತರ ತಲುಪಿದ ಮೇಲೆ ವಿಶ್ರಾಂತಿ ತೆಗೆದುಕೊಳ್ಳಿ, ಮದ್ಯ ಮುಟ್ಟಬೇಡಿ. ತಲೆನೋವು, ವಾಕರಿಕೆ ಬಂದರೆ ಇನ್ನೂ ಮೇಲಕ್ಕೆ ಹತ್ತಬೇಡಿ. ನಡಿಗೆ ತಪ್ಪಿದರೆ, ಮಾತು ತೊದಲಿದರೆ, ಕೂತಲ್ಲೇ ಏದುಸಿರು ಬಂದರೆ ಕಾಯಬೇಡಿ: ಆಸ್ಪತ್ರೆಗೆ ಹೋಗಿ, ಕೆಳಗಿಳಿಯಿರಿ. ಎಲ್ಲಕ್ಕಿಂತ ಮೊದಲು, ಜೊತೆಯಲ್ಲಿರುವವರಿಗೆ ಬಾಯಿಬಿಟ್ಟು ಹೇಳಿ. ಅವರು ನಿಮ್ಮ ಬೀಗರೇ ಆಗಿದ್ದರೂ ಸರಿ.